ಒಂದು ಓರೆಗೆರೆ, ಎರಡು ಕೆಲಸ

ಕಾಲೇಜಿನ ಕಂಪ್ಯೂಟರ್ ಪ್ರಯೋಗಾಲಯದಲ್ಲಿ ಕುಳಿತಿರುವ ವಿದ್ಯಾರ್ಥಿನಿಯೊಬ್ಬಳನ್ನು ಊಹಿಸಿಕೊಳ್ಳಿ. ಅಂಕಪಟ್ಟಿಯ ಫೈಲನ್ನು ತೆರೆದು ಓದುವ ಪ್ರೋಗ್ರಾಮನ್ನು ಅವಳು ಪೈಥಾನ್ ಭಾಷೆಯಲ್ಲಿ ಬರೆದಿದ್ದಾಳೆ. ಫೈಲು 'ಸಿ:\ಡೇಟಾ' ಎಂಬಲ್ಲಿ ಇದ್ದಾಗ ಪ್ರೋಗ್ರಾಮು ಸರಿಯಾಗಿ ನಡೆಯಿತು. ಮರುದಿನ ಫೈಲನ್ನು 'ಸಿ:\ಟೆಂಪ್' ಎಂಬಲ್ಲಿಗೆ ಸಾಗಿಸಿ, ಪ್ರೋಗ್ರಾಮಿನಲ್ಲೂ ಹೆಸರನ್ನು ತಿದ್ದಿದಳು. ಈಗ ಫೈಲು ತೆರೆಯುವುದೇ ಇಲ್ಲ. ಕಾಗುಣಿತದಲ್ಲಿ ತಪ್ಪಿಲ್ಲ, ಫೈಲು ಕಣ್ಣೆದುರಿಗೇ ಇದೆ. ತನಗೇ ಏನೋ ತಿಳಿದಿಲ್ಲ ಎಂದು ಅವಳು ಕುಗ್ಗುತ್ತಾಳೆ.

ವಾಸ್ತವವಾಗಿ ಈ ತೊಡಕು ಅವಳು ಹುಟ್ಟುವುದಕ್ಕೆ ಬಹಳ ಹಿಂದೆಯೇ ಸಿದ್ಧವಾಗಿತ್ತು. ಇಂಗ್ಲಿಷಿನಲ್ಲಿ 'ಟೆಂಪ್' ಎಂಬುದರ ಮೊದಲ ಅಕ್ಷರ 'ಟಿ'. ಪ್ರೋಗ್ರಾಮಿನ ಉದ್ಧರಣ ಚಿಹ್ನೆಗಳ ಒಳಗೆ, ಎಂದರೆ ಸ್ಟ್ರಿಂಗಿನಲ್ಲಿ, ಹಿಂದಕ್ಕೆ ವಾಲಿದ ಓರೆಗೆರೆಯ ಪಕ್ಕದಲ್ಲಿ 'ಟಿ' ಬಂದರೆ ಆ ಎರಡೂ ಸೇರಿ 'ಟ್ಯಾಬ್' ಎಂಬ ಖಾಲಿ ಜಾಗವಾಗುತ್ತದೆ. 'ಡಿ'ಗೆ ಅಂತಹ ವಿಶೇಷ ಅರ್ಥವಿಲ್ಲ. ಆದ್ದರಿಂದ ಮೊದಲ ದಿನ ಅವಳ ಪ್ರೋಗ್ರಾಮು ನಡೆದದ್ದು ಕೇವಲ ಅದೃಷ್ಟದಿಂದ. ಈ ಓರೆಗೆರೆಗೆ, ಎಂದರೆ ಬ್ಯಾಕ್‌ಸ್ಲ್ಯಾಶ್‌ಗೆ, ಎರಡು ಕೆಲಸಗಳು ಅಂಟಿಕೊಂಡದ್ದು ಹೇಗೆ ಎಂಬುದೇ ಇಂದಿನ ನಮ್ಮ ವಿಷಯ.

ಹುಟ್ಟು

1960ರ ದಶಕದ ಆರಂಭದಲ್ಲಿ ಅಮೆರಿಕದ ಕಂಪ್ಯೂಟರ್‌ಗಳಿಗೆಲ್ಲ ಒಂದೇ ಅಕ್ಷರ ಸಂಕೇತ ಬೇಕೆಂಬ ಪ್ರಯತ್ನ ನಡೆದಿತ್ತು. ಅದರ ಫಲವೇ 1963ರಲ್ಲಿ ಪ್ರಕಟವಾದ 'ಆಸ್ಕಿ'. ಈ ಕಾರ್ಯದಲ್ಲಿ ತೊಡಗಿದ್ದ ಐಬಿಎಂ ಸಂಸ್ಥೆಯ ಬಾಬ್ ಬೀಮರ್ 1961ರಲ್ಲಿ ಬ್ಯಾಕ್‌ಸ್ಲ್ಯಾಶ್ ಅನ್ನು ಪಟ್ಟಿಗೆ ಸೇರಿಸಲು ಸೂಚಿಸಿದರು. ಆಲ್ಗಾಲ್ ಎಂಬ ಭಾಷೆಯಲ್ಲಿ 'ಮತ್ತು', 'ಅಥವಾ' ಎಂಬ ತರ್ಕಚಿಹ್ನೆಗಳು ಬೇಕಾಗಿದ್ದವು. ಎರಡು ಓರೆಗೆರೆಗಳನ್ನು ಜೋಡಿಸಿ /\ ಎಂದು ಬರೆದರೆ ಒಂದು, \/ ಎಂದು ಬರೆದರೆ ಇನ್ನೊಂದು. ಹೀಗೆ ಸಂಖ್ಯೆ 92ರ ಸ್ಥಾನ ಬ್ಯಾಕ್‌ಸ್ಲ್ಯಾಶ್‌ಗೆ ದೊರೆಯಿತು. ಫೈಲಿನ ವಿಳಾಸಕ್ಕೂ ಅದಕ್ಕೂ ಆಗ ಯಾವ ಸಂಬಂಧವೂ ಇರಲಿಲ್ಲ.

ಮೊದಲ ಕೆಲಸ

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ 1969ರಿಂದ ಯುನಿಕ್ಸ್ ವ್ಯವಸ್ಥೆಯನ್ನು ಕಟ್ಟಿದರು. ಡೈರೆಕ್ಟರಿಯೊಳಗೆ ಡೈರೆಕ್ಟರಿ ಇರುವ ಅದರ ವಿಳಾಸಗಳನ್ನು ಬಿಡಿಸಲು ಅವರು ಆರಿಸಿಕೊಂಡದ್ದು ಮುಂದಕ್ಕೆ ವಾಲಿದ ಸಾಮಾನ್ಯ ಓರೆಗೆರೆ, ಎಂದರೆ ಸ್ಲ್ಯಾಶ್.

ಪ್ರೋಗ್ರಾಮ್ ಭಾಷೆಯಲ್ಲಿ ಅವರಿಗೆ ಬೇರೆಯೇ ಒಂದು ಸಮಸ್ಯೆ ಇತ್ತು. ಸ್ಟ್ರಿಂಗಿನೊಳಗೆ 'ಇಲ್ಲಿ ಹೊಸ ಸಾಲು ಆರಂಭಿಸು' ಎಂದು ಹೇಳುವುದು ಹೇಗೆ? ಅದಕ್ಕೆ 'ಮುಂದಿನ ಅಕ್ಷರವನ್ನು ಇದ್ದಂತೆ ಓದಬೇಡ' ಎಂದು ಎಚ್ಚರಿಸುವ ಚಿಹ್ನೆಯೊಂದು ಬೇಕು. ಇದಕ್ಕೆ ಎಸ್ಕೇಪ್ ಚಿಹ್ನೆ ಎಂದು ಹೆಸರು. ಥಾಂಪ್ಸನ್ ಅವರ 'ಬಿ' ಭಾಷೆಯಲ್ಲಿ ಈ ಕೆಲಸವನ್ನು ನಕ್ಷತ್ರ ಚಿಹ್ನೆ ಮಾಡುತ್ತಿತ್ತು. 1970ರ ದಶಕದ ಆರಂಭದಲ್ಲಿ ರಿಚಿಯವರು ರೂಪಿಸಿದ 'ಸಿ' ಭಾಷೆಯಲ್ಲಿ ಅದು ಬ್ಯಾಕ್‌ಸ್ಲ್ಯಾಶ್‌ಗೆ ಬಂದಿತು. ಸಾಮಾನ್ಯ ಬರಹದಲ್ಲಿ ಅಪರೂಪವಾದ ಚಿಹ್ನೆ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿತ್ತು. ಬ್ಯಾಕ್‌ಸ್ಲ್ಯಾಶ್ ಮುಂದೆ 'ಎನ್' ಬಂದರೆ ಹೊಸ ಸಾಲು, 'ಟಿ' ಬಂದರೆ ಟ್ಯಾಬ್, ಎರಡು ಬ್ಯಾಕ್‌ಸ್ಲ್ಯಾಶ್ ಬಂದರೆ ನಿಜವಾದ ಒಂದು ಬ್ಯಾಕ್‌ಸ್ಲ್ಯಾಶ್. ಯುನಿಕ್ಸ್ ವಿಳಾಸಗಳಲ್ಲಿ ಈ ಚಿಹ್ನೆಯ ಬಳಕೆಯೇ ಇರಲಿಲ್ಲವಾದ್ದರಿಂದ ಘರ್ಷಣೆಯ ಪ್ರಶ್ನೆಯೂ ಇರಲಿಲ್ಲ.

ಎರಡನೆಯ ಕೆಲಸ

1981ರಲ್ಲಿ ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರನ್ನು ಮಾರುಕಟ್ಟೆಗೆ ತಂದಿತು. ಅದರೊಂದಿಗೆ ಬಂದ ಮೈಕ್ರೋಸಾಫ್ಟ್‌ನ ಡಾಸ್ ವ್ಯವಸ್ಥೆಯ ಮೊದಲ ಆವೃತ್ತಿಯಲ್ಲಿ ಡೈರೆಕ್ಟರಿಯೊಳಗೆ ಡೈರೆಕ್ಟರಿ ಎಂಬುದೇ ಇರಲಿಲ್ಲ. 160 ಕಿಲೋಬೈಟಿನ ಫ್ಲಾಪಿ ಡಿಸ್ಕಿಗೆ ಅದರ ಅಗತ್ಯವೂ ಇರಲಿಲ್ಲ. ಆದರೆ ಸ್ಲ್ಯಾಶ್ ಅನ್ನು ಆಗಲೇ ಬೇರೊಂದು ಕೆಲಸಕ್ಕೆ ಹಚ್ಚಲಾಗಿತ್ತು. ಫಾರ್ಮ್ಯಾಟ್ ಆದೇಶದ ಮುಂದೆ ಸ್ಲ್ಯಾಶ್ ಮತ್ತು 'ಎಸ್' ಬರೆದರೆ ಡಿಸ್ಕಿನಲ್ಲಿ ವ್ಯವಸ್ಥೆಯ ಫೈಲುಗಳೂ ಸೇರುತ್ತಿದ್ದವು. ಹೀಗೆ ಆದೇಶದ ಆಯ್ಕೆಗಳನ್ನು ತಿಳಿಸುವುದೇ ಸ್ಲ್ಯಾಶಿನ ಕೆಲಸವಾಗಿತ್ತು.

1983ರ ಮಾರ್ಚಿಯಲ್ಲಿ ಐಬಿಎಂ 10 ಮೆಗಾಬೈಟಿನ ಹಾರ್ಡ್ ಡಿಸ್ಕ್ ಉಳ್ಳ ಪಿಸಿ ಎಕ್ಸ್‌ಟಿ ಯಂತ್ರವನ್ನು ತಂದಿತು. ಅಷ್ಟು ದೊಡ್ಡ ಜಾಗದಲ್ಲಿ ಫೈಲುಗಳನ್ನೆಲ್ಲ ಒಂದೇ ಪಟ್ಟಿಯಲ್ಲಿ ಇಡುವುದು ಅಸಾಧ್ಯ. ಆದ್ದರಿಂದ ಡಾಸ್ 2.0 ಯುನಿಕ್ಸ್ ಮಾದರಿಯ ಡೈರೆಕ್ಟರಿಗಳನ್ನು ಅಳವಡಿಸಿಕೊಂಡಿತು. ಆದರೆ ಸ್ಲ್ಯಾಶ್ ಅನ್ನು ವಿಳಾಸಕ್ಕೂ ಬಳಸಿದರೆ, ಅದರ ಮುಂದಿನ ಅಕ್ಷರ ಆಯ್ಕೆಯೋ ಡೈರೆಕ್ಟರಿಯ ಹೆಸರೋ ಎಂಬ ಗೊಂದಲ ಏಳುತ್ತಿತ್ತು. ಹಳೆಯ ಬಳಕೆದಾರರನ್ನು ಕೈಬಿಡುವಂತಿರಲಿಲ್ಲ. ಕೊನೆಗೆ ನೋಟಕ್ಕೆ ಹತ್ತಿರವಾದ ಬ್ಯಾಕ್‌ಸ್ಲ್ಯಾಶ್ ಅನ್ನೇ ವಿಳಾಸಕ್ಕೆ ಆರಿಸಲಾಯಿತು. ಡಾಸ್‌ನ ಒಳಭಾಗ ಮಾತ್ರ ಪ್ರೋಗ್ರಾಮುಗಳಿಂದ ಎರಡೂ ಬಗೆಯ ಗೆರೆಗಳನ್ನು ಸ್ವೀಕರಿಸುತ್ತಿತ್ತು. ವಿಂಡೋಸ್ ಕೂಡ ಅದೇ ಪದ್ಧತಿಯನ್ನು ಮುಂದುವರಿಸಿತು.

ಎರಡು ನಿರ್ಧಾರಗಳೂ ತಮ್ಮ ತಮ್ಮ ನೆಲೆಯಲ್ಲಿ ಸರಿಯಾಗಿಯೇ ಇದ್ದವು. ಅವು ಪ್ರೋಗ್ರಾಮಿನ ಸ್ಟ್ರಿಂಗಿನಲ್ಲಿ ಎದುರುಬದುರಾದಾಗ ಮಾತ್ರ ತೊಂದರೆ ಆರಂಭವಾಯಿತು. ಇದಕ್ಕೆ ಹೊಸ ಉದಾಹರಣೆಯನ್ನೂ ನೋಡಬಹುದು. 2007ರಲ್ಲಿ ಸಾರ್ವಜನಿಕರಿಗೆ ಬಂದ ವಿಂಡೋಸ್ ವಿಸ್ಟಾ ಬಳಕೆದಾರರ ಫೈಲುಗಳನ್ನು 'ಸಿ:\ಯೂಸರ್ಸ್' ಎಂಬಲ್ಲಿ ಇರಿಸಿತು. 2008ರಲ್ಲಿ ಬಂದ ಪೈಥಾನ್ 3ರ ಸ್ಟ್ರಿಂಗಿನಲ್ಲಿ ಬ್ಯಾಕ್‌ಸ್ಲ್ಯಾಶ್ ಮುಂದೆ ದೊಡ್ಡ 'ಯು' ಬಂದರೆ, ಅದರ ಹಿಂದೆಯೇ ಯುನಿಕೋಡ್ ಸಂಖ್ಯೆಯ ಎಂಟು ಅಂಕಿಗಳು ಬರಬೇಕು. ಹೀಗಾಗಿ ತಮ್ಮದೇ ಡೈರೆಕ್ಟರಿಯ ವಿಳಾಸ ಬರೆದ ಹೊಸಬರ ಪ್ರೋಗ್ರಾಮು ಆರಂಭವಾಗುವ ಮೊದಲೇ ನಿಂತುಬಿಡುತ್ತದೆ.

ಜಪಾನ್ ತೆತ್ತ ಬೆಲೆ

ಇದಕ್ಕಿಂತ ಹೆಚ್ಚಿನ ಬೆಲೆ ತೆತ್ತವರೂ ಇದ್ದಾರೆ. ಜಪಾನಿನ 1969ರ ಅಕ್ಷರ ಮಾನಕದಲ್ಲಿ 92ನೆಯ ಸ್ಥಾನವನ್ನು ಅವರ ನಾಣ್ಯದ 'ಯೆನ್' ಚಿಹ್ನೆಗೆ ಕೊಡಲಾಗಿತ್ತು. ಆದ್ದರಿಂದ ಜಪಾನಿ ವಿಂಡೋಸ್‌ನಲ್ಲಿ ಫೈಲಿನ ವಿಳಾಸದ ನಡುವೆ ಯೆನ್ ಚಿಹ್ನೆಯೇ ಕಾಣಿಸಿಕೊಂಡಿತು. ಮುಂದೆ ಬಳಕೆಗೆ ಬಂದ ಶಿಫ್ಟ್ ಜಿಸ್ ಸಂಕೇತದಲ್ಲಿ ಜಪಾನಿ ಅಕ್ಷರಗಳಿಗೆ ಎರಡೆರಡು ಬೈಟುಗಳು. ಕೆಲವು ಅಕ್ಷರಗಳ ಎರಡನೆಯ ಬೈಟು ಅದೇ 92. ಇದನ್ನು ಅರಿಯದ ಪ್ರೋಗ್ರಾಮುಗಳು ಅಕ್ಷರದ ಅರ್ಧ ಭಾಗವನ್ನು ಬ್ಯಾಕ್‌ಸ್ಲ್ಯಾಶ್ ಎಂದು ತಿಳಿದು ಪದವನ್ನೇ ಕೆಡಿಸುತ್ತಿದ್ದವು. ತಮ್ಮ ಭಾಷೆಯ ಸಾಮಾನ್ಯ ಪದವೊಂದನ್ನು ಬರೆದದ್ದೇ ತಪ್ಪಾಗುವ ಸ್ಥಿತಿ ಅದು.

ಭಾರತದ ದಾರಿ ಬೇರೆಯಾಗಿತ್ತು. 1991ರ ಇಸ್ಕಿ ಮಾನಕ ಆಸ್ಕಿಯ 128 ಸ್ಥಾನಗಳನ್ನು ಮುಟ್ಟದೆ, ಕನ್ನಡವೂ ಸೇರಿದಂತೆ ನಮ್ಮ ಲಿಪಿಗಳನ್ನು ಮೇಲಿನ ಅರ್ಧದಲ್ಲಿ ಇರಿಸಿತು. ಮರುವರ್ಷ, 1992ರಲ್ಲಿ, ಅದೇ ಕೆನ್ ಥಾಂಪ್ಸನ್ ತಮ್ಮ ಸಹೋದ್ಯೋಗಿ ರಾಬ್ ಪೈಕ್ ಜೊತೆಗೂಡಿ ಯುಟಿಎಫ್-8 ಎಂಬ ಸಂಕೇತವನ್ನು ರೂಪಿಸಿದರು. ಅದರಲ್ಲಿ ಒಂದು ಕನ್ನಡ ಅಕ್ಷರಚಿಹ್ನೆಗೆ ಮೂರು ಬೈಟುಗಳು ಬೇಕು. ಆದರೆ ಅವುಗಳಲ್ಲಿ ಯಾವುದೂ 128ಕ್ಕಿಂತ ಕಡಿಮೆ ಇರುವುದಿಲ್ಲ. ಫೈಲಿನ ಹೆಸರಿನೊಳಗೆ ಸುಳ್ಳು ಸ್ಲ್ಯಾಶ್ ಹುಟ್ಟಬಾರದೆಂಬುದು ಆ ರಚನೆಯ ಉದ್ದೇಶಗಳಲ್ಲಿ ಒಂದಾಗಿತ್ತು. ಇಂದು ನೀವು ಫೈಲಿಗೆ ಕನ್ನಡದ ಹೆಸರನ್ನೇ ಇಟ್ಟರೂ ಅದರೊಳಗೆ 92 ಎಂಬ ಬೈಟು ಅಡಗಿರುವುದಿಲ್ಲ.

ಪರಿಹಾರ

ನಮ್ಮ ವಿದ್ಯಾರ್ಥಿನಿಗೆ ಈಗ ಮೂರು ದಾರಿಗಳಿವೆ. ಪ್ರತಿ ಬ್ಯಾಕ್‌ಸ್ಲ್ಯಾಶ್ ಅನ್ನೂ ಎರಡು ಸಲ ಬರೆಯಬಹುದು. ವಿಂಡೋಸ್ ಒಪ್ಪುವುದರಿಂದ ಅದರ ಬದಲಿಗೆ ಸಾಮಾನ್ಯ ಸ್ಲ್ಯಾಶ್ ಬಳಸಬಹುದು. ಇಲ್ಲವೇ ಉದ್ಧರಣ ಚಿಹ್ನೆಯ ಹಿಂದೆ 'ಆರ್' ಅಕ್ಷರ ಸೇರಿಸಿ 'ಇದ್ದದ್ದನ್ನು ಇದ್ದಂತೆಯೇ ಓದು' ಎನ್ನಬಹುದು. ಮೂರನೆಯ ದಾರಿಯಲ್ಲಿ ಒಂದು ಎಚ್ಚರಿಕೆ ಅಗತ್ಯ: ಅಂತಹ ಸ್ಟ್ರಿಂಗು ಒಂಟಿ ಬ್ಯಾಕ್‌ಸ್ಲ್ಯಾಶ್‌ನಿಂದ ಕೊನೆಗೊಳ್ಳುವಂತಿಲ್ಲ. 2014ರಿಂದ ಪೈಥಾನ್‌ನಲ್ಲಿರುವ ಪಾಥ್‌ಲಿಬ್ ಬಳಸಿದರೆ ಡೈರೆಕ್ಟರಿಯ ಹೆಸರುಗಳನ್ನು ಬೇರೆ ಬೇರೆಯಾಗಿ ಕೊಟ್ಟು, ಜೋಡಿಸುವ ಕೆಲಸವನ್ನು ಯಂತ್ರಕ್ಕೇ ಬಿಡಬಹುದು.

ಡಾಸ್ 1981ರಲ್ಲಿ ಸ್ಲ್ಯಾಶಿಗೆ ಕೊಟ್ಟ ಕೆಲಸದ ಪರಿಣಾಮವನ್ನು ಇಂದಿನ ವಿದ್ಯಾರ್ಥಿಯೂ ಅನುಭವಿಸುತ್ತಿದ್ದಾನೆ. ಮಾನಕಗಳ ಸ್ವಭಾವವೇ ಹೀಗೆ: ಕಾರಣ ಮರೆತುಹೋದರೂ ನಿಯಮ ಉಳಿಯುತ್ತದೆ. ಮುಂದೆ ನಿಮ್ಮಲ್ಲಿ ಕೆಲವರು ಇಂತಹ ನಿಯಮಗಳನ್ನು ರೂಪಿಸುವ ಜಾಗದಲ್ಲಿ ಕೂರಬಹುದು. ಆಗ ಒಂದು ಚಿಹ್ನೆಗೆ ಹೊಸ ಕೆಲಸ ಹಚ್ಚುವ ಮುನ್ನ ಅದು ಬೇರೆಲ್ಲಿ ಯಾವ ಕೆಲಸ ಮಾಡುತ್ತಿದೆ ಎಂದು ಒಮ್ಮೆ ವಿಚಾರಿಸಿ.