ಅಣೆಕಟ್ಟಿಗೂ ಕಾಲೇಜಿಗೂ ಒಂದೇ ಹೆಸರು

ಹುಕ್ಕೇರಿ ತಾಲೂಕಿನ ಹಿಡಕಲ್ ಅಣೆಕಟ್ಟಿಗೆ ರಾಜಾ ಲಖಮಗೌಡ ಜಲಾಶಯವೆಂದು ಹೆಸರು. ಬೆಳಗಾವಿಯ ಕಾನೂನು ಕಾಲೇಜಿಗೂ ಕೆ.ಎಲ್.ಇ. ಸಂಸ್ಥೆಯ ವಿಜ್ಞಾನ ಕಾಲೇಜಿಗೂ ಅದೇ ಹೆಸರು. ವಂಟಮುರಿ ಸಂಸ್ಥಾನದ ಈ ದೊರೆ ಶಿಕ್ಷಣಕ್ಕೆ ಕೊಟ್ಟ ದಾನದ ನೆನಪು ಅದು. ಶಾಲೆಯಲ್ಲಿದ್ದಾಗ ನನಗೆ ಅಣೆಕಟ್ಟು ಮಾತ್ರ ಗೊತ್ತಿತ್ತು. ಕಾಲುವೆಗೆ ನೀರು ಬಂದರೆ ಮರುವರ್ಷವೇ ಗೋಕಾಕ, ಮೂಡಲಗಿಯ ಹೊಲಗಳಲ್ಲಿ ಕಬ್ಬು ಕಾಣುತ್ತದೆ. ಶಾಲೆಯ ಬೆಳೆ ಕಾಣಲು ಒಂದು ತಲೆಮಾರು ಬೇಕು.

1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಕೆ.ಎಲ್.ಇ. ಸಂಸ್ಥೆ ಕಟ್ಟಿದರು. ಒಂದು ಶಾಲೆಯಿಂದ ಆರಂಭವಾದ ಆ ಕೆಲಸ ಲಿಂಗರಾಜ ಕಾಲೇಜಿನ ಹಂತ ಮುಟ್ಟಿದ್ದು 1933ರಲ್ಲಿ. ಹದಿನೇಳು ವರ್ಷ ಅವರು ಕಾದರು.

ನಮ್ಮ ಗೋಕಾಕ ತಾಲೂಕಿನದೇ ಇನ್ನೊಂದು ಉದಾಹರಣೆ ಡಾ. ಡಿ.ಸಿ. ಪಾವಟೆ. 1899ರಲ್ಲಿ ಮಮದಾಪುರದಲ್ಲಿ ಹುಟ್ಟಿದ ಅವರು ಕೇಂಬ್ರಿಜ್‌ನಲ್ಲಿ ಗಣಿತ ಓದಿ ರ‍್ಯಾಂಗ್ಲರ್ ಆದರು. 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾಗಿ ಧಾರವಾಡದಲ್ಲಿ ಅದನ್ನು ಬೆಳೆಸಿದರು. ಬಳಿಕ ಪಂಜಾಬಿನ ರಾಜ್ಯಪಾಲರಾದರು. ನಮಗೆ ಗಣಿತ ಕಲಿಸಿದ ಗುರುಗಳ ಪದವಿ ಅದೇ ವಿಶ್ವವಿದ್ಯಾಲಯದ್ದು. ಆ ಗುರುಗಳ ಗಣಿತದಿಂದ ನಾನು ಬಿ.ಇ. ಮುಗಿಸಿದೆ, ನನ್ನ ಸಂಬಳದಿಂದ ತಂಗಿ ಓದಿದಳು. ಮಮದಾಪುರದ ಒಬ್ಬ ಹುಡುಗನ ಓದಿಗೆ ಆದ ಖರ್ಚು ನಮ್ಮ ಮನೆಯವರೆಗೂ ಫಲ ಕೊಟ್ಟಿತು.

ಆದರೆ ಈ ಲೆಕ್ಕದಲ್ಲಿ ಬಾಕಿಯೂ ಇದೆ. ನನ್ನ ಜೊತೆ ಓದುತ್ತಿದ್ದ ಹುಡುಗಿಯೊಬ್ಬಳು ಎಂಟನೆಯ ತರಗತಿಯಲ್ಲೇ ಶಾಲೆ ಬಿಟ್ಟಳು. ತೋಟದ ಮನೆಯಿಂದ ದಿನಾ ನಾಲ್ಕು ಕಿಲೋಮೀಟರ್ ಒಬ್ಬಳೇ ನಡೆಯಬೇಕೆಂಬುದೇ ಕಾರಣ. ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿದ್ದು 2006-07ರಲ್ಲಿ. ಅಷ್ಟರಲ್ಲಿ ಅವಳ ಮದುವೆಯಾಗಿತ್ತು.

ಕಳೆದ ದೀಪಾವಳಿಗೆ ಊರಿಗೆ ಬಂದಾಗ ಬಸ್‌ ಸ್ಟ್ಯಾಂಡಿನಲ್ಲಿ ಸಿಕ್ಕಳು. “ಮಗಳು ನಿಮ್ಮ ಸಾಲ್ಯಾಗ ಒಂಬತ್ತನೇತ್ತೆ ಓದಾಕತ್ತಾಳ. ಮುಂದ ಏನ ಓದಸೂದು ಚಲೋ, ಹೇಳಪಾ” ಎಂದಳು. ನನ್ನ ಪಕ್ಕದ ಸಾಲಿನಲ್ಲೇ ಕೂತಿದ್ದವಳು ‘ನಮ್ಮ ಸಾಲಿ’ ಎನ್ನಲಿಲ್ಲ. ಆ ಮಾತು ಇನ್ನೂ ಮನಸ್ಸಿನಲ್ಲಿದೆ.

ಐವತ್ತು ವರ್ಷಗಳಲ್ಲಿ ಇಲ್ಲಿಂದ ಎಂಜಿನಿಯರರು, ಶಿಕ್ಷಕರು, ಸೈನಿಕರು ಹೋಗಿದ್ದಾರೆ. ಅವರನ್ನು ಸನ್ಮಾನಿಸುವುದು ಸರಿಯೇ. ಜೊತೆಗೆ ಹಳೆಯ ಹಾಜರಿ ಪುಸ್ತಕಗಳಲ್ಲಿ ಅರ್ಧಕ್ಕೇ ನಿಂತ ಹೆಸರುಗಳನ್ನೂ ಒಮ್ಮೆ ಓದೋಣ. ಹತ್ತನೆಯ ತರಗತಿ ಮುಗಿಸುವ ಹೆಣ್ಣುಮಕ್ಕಳ ಪಿ.ಯು. ಶುಲ್ಕ ಮತ್ತು ಪುಸ್ತಕದ ಖರ್ಚನ್ನು ನಾವು ಹಳೆಯ ವಿದ್ಯಾರ್ಥಿಗಳು ಹಂಚಿಕೊಳ್ಳೋಣ. ಅದರ ಫಲ ನಮಗೆ ಬೇಗ ಕಾಣಲಿಕ್ಕಿಲ್ಲ. ನಮಗಾಗಿ ಖರ್ಚು ಮಾಡಿದವರಿಗೂ ಕಂಡಿರಲಿಲ್ಲ.