ಎಣಿಕೆಗೆ ಕಟ್ಟಿದ ಹೆಜ್ಜೆ

ಬೆಂಗಳೂರಿನ ಮಲ್ಲೇಶ್ವರದ ಮನೆಗಳಲ್ಲಿ ನವರಾತ್ರಿಗೆ ಕೂರಿಸುವ ಪಟ್ಟದ ಗೊಂಬೆ ಹಬ್ಬ ಮುಗಿಯುವತನಕ ಇದ್ದಲ್ಲೇ ಇರುತ್ತದೆ. ಸಂಜೆ ಗೊಂಬೆ ನೋಡಲು ಬಂದ ಮಕ್ಕಳು ಅದರ ಮುಂದೆ ಕೂತು ಹಾಡುತ್ತಾರೆ, ಗೊಂಬೆ ಬಾಗಿನ ತೆಗೆದುಕೊಂಡು ಹೋಗುತ್ತಾರೆ, ಗೊಂಬೆ ಅಲುಗುವುದಿಲ್ಲ. ಅಲುಗದ ಆಕೃತಿಯನ್ನು ಹಾಡಿಗೆ ಕುಣಿಸುವ ವಿದ್ಯೆ ಕರ್ನಾಟಕದಲ್ಲಿ ಬಹುಕಾಲ ಗೊಂಬೆಯಾಟದವರ ಸೊತ್ತಾಗಿತ್ತು. ಆಮೇಲೆ ಸಿನಿಮಾ ಕ್ಯಾಮೆರಾ ಅದನ್ನೇ ಬೇರೆ ದಾರಿಯಲ್ಲಿ ಸಾಧಿಸಿತು: ಒಂದು ಭಂಗಿ, ಒಂದು ಚಿತ್ರ, ತುಸು ಸರಿಸಿ ಇನ್ನೊಂದು ಚಿತ್ರ. ಇದು ಸ್ಟಾಪ್ ಮೋಷನ್. ಹೀಗೆ ಸರಿಯುವುದು ಗೊಂಬೆಯ ಬದಲು ಜೀವಂತ ಮನುಷ್ಯನಾದರೆ ಅದಕ್ಕೆ ಪಿಕ್ಸಿಲೇಷನ್ ಎಂದು ಹೆಸರು. ಗೊಂಬೆಯಾಟ, ಕ್ಯಾಮೆರಾ ಎರಡರ ದಾರಿಯೂ ತಾಳದ ಎಣಿಕೆಯ ಮೇಲೆಯೇ ನಿಂತಿವೆ.

ಕುಂದಾಪುರದ ಬಳಿಯ ಉಪ್ಪಿನಕುದ್ರುವಿನಲ್ಲಿ ಯಕ್ಷಗಾನದ ವೇಷ ತೊಟ್ಟ ಸೂತ್ರದ ಗೊಂಬೆಗಳು ಹಾಡುವ ಭಾಗವತರ ಪದಕ್ಕೆ ಹೆಜ್ಜೆ ಹಾಕುತ್ತವೆ. ಅವನ್ನು ಆಡಿಸುವ ಮನೆತನದ ಕೊಗ್ಗ ಕಾಮತರಿಗೆ 1980ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಬಂತು, ಮರುವರ್ಷ ಎಂ. ಆರ್. ರಂಗನಾಥರಾಯರಿಗೆ. ರಂಗನಾಥರಾಯರದು ಬಯಲುಸೀಮೆಯ ಸಲಾಕೆ-ಸೂತ್ರದ ಗೊಂಬೆ. ಅಲ್ಲಿ ಗೊಂಬೆಯ ಭಾರವನ್ನು ಹೊರುವುದು ಆಡಿಸುವವನ ತಲೆ. ತಲೆಯ ಮೇಲಿನ ಬಳೆಯಿಂದ ದಾರಗಳು ಇಳಿದಿರುತ್ತವೆ. ಗೊಂಬೆಯ ಕೈಗಳಿಗೆ ಕಬ್ಬಿಣದ ಸಲಾಕೆ. ಆಡಿಸುವವನು ತನ್ನ ಕಾಲಿಗೇ ಗೆಜ್ಜೆ ಕಟ್ಟಿಕೊಂಡು ಕುಣಿಯುತ್ತಾನೆ. ನೋಡುವವರ ಕಣ್ಣಿಗೆ ಗೊಂಬೆಯ ಪಾದ, ಕಿವಿಗೆ ಮನುಷ್ಯನ ಗೆಜ್ಜೆ. ಎರಡೂ ಒಂದಾದಾಗ ಮರಕ್ಕೆ ಜೀವ ಬರುತ್ತದೆ. ಬಳ್ಳಾರಿ, ಕೊಪ್ಪಳ, ಮಂಡ್ಯದ ಕಡೆಯ ಕಿಳ್ಳೇಕ್ಯಾತರು ತೊಗಲು ಗೊಂಬೆಗಳನ್ನು ದೀಪದ ಮುಂದೆ ಹಿಡಿದು ಇದೇ ಎಣಿಕೆಯಲ್ಲಿ ಆಡಿಸಿದರು. ಮಲ್ಲೇಶ್ವರಕ್ಕೆ ಹತ್ತಿರದಲ್ಲೇ, ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನಲ್ಲಿ ಎಂ. ಎಸ್. ನಂಜುಂಡರಾಯರು ಅಂಥ ಗೊಂಬೆಗಳನ್ನು ಊರೂರು ಸುತ್ತಿ ಸಂಗ್ರಹಿಸಿದರು. ತೊಗಲು ಗೊಂಬೆಯ ಕೀಲು ಹೇಗೆ ಕೂಡುತ್ತದೆಂದು ಹತ್ತಿರದಿಂದ ನೋಡುವ ಭಾಗ್ಯ ಆ ಕೆಲಸದಿಂದ ನಗರದವರಿಗೆ ಸಿಕ್ಕಿತು.

ಗೊಂಬೆಯಾಟದವನಿಗೆ ಒಂದು ಅನುಕೂಲವಿದೆ. ಹಾಡು ಕಿವಿಗೆ ಬೀಳುತ್ತಿರುವಾಗಲೇ ಅವನ ಕೈ ಆಡುತ್ತದೆ. ಭಾಗವತರು ಲಯ ಏರಿಸಿದರೆ ಹೆಜ್ಜೆಯೂ ಏರುತ್ತದೆ. ಕ್ಯಾಮೆರಾ ಮುಂದೆ ಒಂದೊಂದೇ ಭಂಗಿ ನಿಲ್ಲುವವನಿಗೆ ಆ ಅನುಕೂಲವಿಲ್ಲ. ಎಂಟು ಸೆಕೆಂಡಿನ ಹಾಡನ್ನು ತುಂಬಲು ಅವನಿಗೆ ಗಂಟೆ ಹೊತ್ತು ಬೇಕು. ಅಷ್ಟು ಹೊತ್ತು ಹಾಡನ್ನು ಹಿಡಿದಿಡುವುದು ಯಾವ ಪೆಟ್ಟಿಗೆ ಯಾವ ಭಂಗಿ ಎಂದು ಬರೆದಿಟ್ಟ ಕಾಗದ ಮಾತ್ರ.

ಮೂಕಿ ಚಿತ್ರಗಳ ಕಾಲದಲ್ಲಿ ಆ ಕಾಗದಕ್ಕೂ ಅರ್ಥವಿರಲಿಲ್ಲ. ದಾದಾಸಾಹೇಬ್ ಫಾಲ್ಕೆ 1915ರಲ್ಲೇ ಬೆಂಕಿಕಡ್ಡಿಗಳನ್ನು ಒಂದೊಂದಾಗಿ ಸರಿಸಿ ಚಿತ್ರ ಮಾಡಿದ್ದರು. ಆದರೆ ಆಗ ಕ್ಯಾಮೆರಾವನ್ನು ಕೈಯಿಂದ ತಿರುಗಿಸುತ್ತಿದ್ದರು; ಪ್ರದರ್ಶನದ ವೇಗವೂ ಒಂದೇ ಸಮ ಇರುತ್ತಿರಲಿಲ್ಲ. ಸಂಗೀತಗಾರರು ಪರದೆ ನೋಡಿಕೊಂಡು ನುಡಿಸುತ್ತಿದ್ದರು. ಮಾತು ಬಂದ ಮೇಲೆ ಸಿನಿಮಾದ ಓಟ ಸೆಕೆಂಡಿಗೆ 24 ಫ್ರೇಮ್ ಎಂದು ನಿಗದಿಯಾಯಿತು. ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನ’ 1934ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ತೆರೆಕಂಡಿತು. ಟಾಕಿಯೆಂದರೆ ಹಾಡು ಬಂತೆಂದೇ ಜನ ನೆನೆಯುತ್ತಾರೆ. ಒಂದೊಂದೇ ಚಿತ್ರ ತೆಗೆಯುವವರ ಪಾಲಿಗೆ ಅದಕ್ಕಿಂತ ದೊಡ್ಡ ಸಂಗತಿ ಈ 24. ಇಂಥ ಪೆಟ್ಟು ಇಂಥ ಫ್ರೇಮಿನ ಮೇಲೆ ಬೀಳುತ್ತದೆ ಎಂದು ಮೊದಲೇ ಬರೆದಿಡಲು ಅದರಿಂದ ಸಾಧ್ಯವಾಯಿತು.

ಮನುಷ್ಯನನ್ನೇ ಗೊಂಬೆಯಂತೆ ಸರಿಸುವ ತಂತ್ರ ಯುರೋಪಿನಲ್ಲಿ 1908ರ ಹೊತ್ತಿಗೇ ಇತ್ತು. ಅದಕ್ಕೆ ಪೂರ್ಣ ರೂಪ ಕೊಟ್ಟವರು ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡಿನ ನಾರ್ಮನ್ ಮೆಕ್‌ಲಾರೆನ್. ಅವರ ‘ನೇಬರ್ಸ್’ (1952) ಚಿತ್ರದಲ್ಲಿ ಇಬ್ಬರು ಮನುಷ್ಯರು ನೆಲ ಮುಟ್ಟದೆ ತೇಲಿಕೊಂಡು ಹೋಗುತ್ತಾರೆ. ನಟರು ಪ್ರತಿ ಚಿತ್ರಕ್ಕೂ ಒಮ್ಮೆ ಎಗರಿದರು. ಕಾಲು ಗಾಳಿಯಲ್ಲಿದ್ದ ಕ್ಷಣವನ್ನೇ ಕ್ಯಾಮೆರಾ ಹಿಡಿಯಿತು. ಪಿಕ್ಸಿಲೇಷನ್ ಎಂಬ ಹೆಸರಿಟ್ಟದ್ದು ಆ ನಟರಲ್ಲಿ ಒಬ್ಬರಾದ ಗ್ರಾಂಟ್ ಮನ್ರೋ. ಮೆಕ್‌ಲಾರೆನ್ ಯುನೆಸ್ಕೊ ಪರವಾಗಿ 1952-53ರಲ್ಲಿ ಭಾರತಕ್ಕೂ ಬಂದು ಕಲಿಸಿದ್ದರು.

ಅವರು ಕ್ಲಾಡ್ ಜುತ್ರಾ ಜೊತೆ 1957ರಲ್ಲಿ ಮಾಡಿದ ‘ಎ ಚೇರಿ ಟೇಲ್’ ನಮ್ಮವರಿಗೆ ಇನ್ನೂ ಹತ್ತಿರದ್ದು. ಒಬ್ಬ ಮನುಷ್ಯ ಕುರ್ಚಿಯ ಮೇಲೆ ಕೂರಲು ಹೋಗುತ್ತಾನೆ, ಕುರ್ಚಿ ಒಪ್ಪುವುದಿಲ್ಲ. ಹತ್ತು ನಿಮಿಷದ ಕಥೆ ಇಷ್ಟೇ. ಕುರ್ಚಿಯನ್ನು ಆಡಿಸಿದವರು ಎವಲಿನ್ ಲ್ಯಾಂಬಾರ್ಟ್. ಕಣ್ಣಿಗೆ ಬೀಳದಷ್ಟು ಸಣ್ಣ ದಾರ ಕಟ್ಟಿ ಎಳೆದದ್ದೂ ಉಂಟು. ಅಂದರೆ ಸೂತ್ರದ ಗೊಂಬೆಯ ವಿದ್ಯೆಯೇ. ಸಂಗೀತ ರವಿಶಂಕರ್ ಅವರ ಸಿತಾರ್, ಚತುರ್‌ಲಾಲ್ ಅವರ ತಬಲಾ. ಇಲ್ಲಿ ಚಿತ್ರ ಮೊದಲು, ಸಂಗೀತ ಆಮೇಲೆ. ಎದುರಿಗೆ ಆಡುವ ಚಿತ್ರಕ್ಕೆ ಕೈ ಕೂಡಿಸಬಲ್ಲ ವಾದಕರು ಸಿಕ್ಕರೆ ಹೀಗೂ ಆಗುತ್ತದೆ. ಹಾಡು ಮೊದಲೇ ಧ್ವನಿಮುದ್ರಣವಾಗಿದ್ದರೆ ಮಾತ್ರ ದೇಹವೇ ಹಾಡಿಗೆ ತಲೆಬಾಗಬೇಕು. ಗಾಯಕ ಪೀಟರ್ ಗೇಬ್ರಿಯಲ್ ತಮ್ಮ ‘ಸ್ಲೆಡ್ಜ್‌ಹ್ಯಾಮರ್’ (1986) ಹಾಡಿನ ಚಿತ್ರಕ್ಕಾಗಿ 16 ಗಂಟೆ ಗಾಜಿನ ಹಲಗೆಯ ಕೆಳಗೆ ಮಲಗಿದ್ದರು. ಒರೆನ್ ಲಾವಿಯ ‘ಹರ್ ಮಾರ್ನಿಂಗ್ ಎಲಿಗೆನ್ಸ್’ (2009) ಹಾಡಿನಲ್ಲಿ ಹಾಸಿಗೆಯ ಮೇಲೆ ಮಲಗಿದ ಹೆಣ್ಣಿನ ಕನಸಿನ ನಡಿಗೆಗೆ ಬೇಕಾದ ಚಿತ್ರಗಳು 2,096.

ಹಾಡಿಗೆ ಭಂಗಿಗಳನ್ನು ಎಣಿಸಿ ಕೂಡಿಸುವ ಇಂಥ ಯೋಜನೆಗೆ ಕರ್ನಾಟಕ ಸಂಗೀತದ ತಾಳಕ್ಕಿಂತ ಒಳ್ಳೆಯ ಅಳತೆಗೋಲು ಸಿಗುವುದು ಕಷ್ಟ. ಚೌಡಯ್ಯ ಸ್ಮಾರಕ ಭವನ 1980ರಲ್ಲಿ ಪಿಟೀಲಿನ ಆಕಾರದಲ್ಲೇ ಎದ್ದು ನಿಂತದ್ದು ಮಲ್ಲೇಶ್ವರದ ಆಸುಪಾಸಿನಲ್ಲಿ. ಕಛೇರಿಗೆ ಬಂದವರ ಕೈ ತಂತಾನೇ ತೊಡೆಯ ಮೇಲೆ ತಾಳ ಹಾಕುವ ನೆರೆಹೊರೆ ಇದು. ಆದಿತಾಳದ ಒಂದು ಆವರ್ತನಕ್ಕೆ, ಅಂದರೆ ತಾಳದ ಒಂದು ಸುತ್ತಿಗೆ, ಎಂಟು ಅಕ್ಷರ ಅಥವಾ ಎಣಿಕೆ. ಅಕ್ಷರಕ್ಕೆ ಒಂದು ಸೆಕೆಂಡ್ ಹಿಡಿದರೆ ಆವರ್ತನಕ್ಕೆ 192 ಫ್ರೇಮ್. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮ್ ನಿಲ್ಲಿಸುವುದು ವಾಡಿಕೆ. ಆಗ 96 ಚಿತ್ರ ಸಾಕು, ಅಕ್ಷರಕ್ಕೆ 12. ನಿಮಿಷಕ್ಕೆ 72 ಅಕ್ಷರದ ನಡೆಯಾದರೆ ಅಕ್ಷರಕ್ಕೆ ಸರಿಯಾಗಿ 20 ಫ್ರೇಮ್, 10 ಚಿತ್ರ. ನಿಮಿಷಕ್ಕೆ 70 ಆದರೆ ಲೆಕ್ಕ ಮುರಿಯುತ್ತದೆ: 20 ಫ್ರೇಮಿನ ಮೇಲೆ ಅರ್ಧಕ್ಕಿಂತ ತುಸು ಹೆಚ್ಚು ಉಳಿಯುತ್ತದೆ, ಒಂದು ಆವರ್ತನ ಮುಗಿಯುವಷ್ಟರಲ್ಲಿ ಕಾಲು ಸಮಕ್ಕಿಂತ, ಅಂದರೆ ಮುಂದಿನ ಆವರ್ತನದ ಮೊದಲ ಪೆಟ್ಟಿಗಿಂತ, ನಾಲ್ಕೈದು ಫ್ರೇಮ್ ಮೊದಲೇ ನೆಲ ಮುಟ್ಟುತ್ತದೆ. ಅದಕ್ಕೇ ಧ್ವನಿಮುದ್ರಣವನ್ನು ಮತ್ತೆ ಮತ್ತೆ ಕೇಳಿ ಪ್ರತಿ ಸಮ ಬೀಳುವ ಫ್ರೇಮಿನ ಸಂಖ್ಯೆಯನ್ನು ಗುರುತು ಹಾಕಿಕೊಳ್ಳುತ್ತಾರೆ. ಆ ಗುರುತುಗಳಿರುವ ಹಾಳೆಗೆ ಎಕ್ಸ್‌ಪೋಷರ್ ಶೀಟ್ ಎಂದು ಹೆಸರು: ಸಾಲಿಗೊಂದು ಫ್ರೇಮ್, ಒಂದು ಮನೆಯಲ್ಲಿ ಮೃದಂಗದ ಪೆಟ್ಟಿನ ಸೊಲ್ಲು, ಪಕ್ಕದ ಮನೆಯಲ್ಲಿ ಕೈ, ಕಾಲು, ಕಣ್ಣು ಎಲ್ಲಿರಬೇಕೆಂಬ ಟಿಪ್ಪಣಿ.

ಮುಕ್ತಾಯದ ಲೆಕ್ಕವನ್ನು ಮೃದಂಗದವರಂತೆ ಹಿಂದಿನಿಂದ ಹಾಕಬೇಕು. ಐದು ಮಾತ್ರೆಯ ಸೊಲ್ಲು ಮೂರು ಸಲ, ನಡುವೆ ಒಂದೊಂದು ಮಾತ್ರೆ ಬಿಡುವು. ಒಟ್ಟು 17 ಮಾತ್ರೆ. ಅಕ್ಷರಕ್ಕೆ ನಾಲ್ಕು ಮಾತ್ರೆಯಾದ್ದರಿಂದ ಸೆಕೆಂಡಿನ ಅಕ್ಷರದಲ್ಲಿ ಮಾತ್ರೆಗೆ ಮೂರು ಚಿತ್ರ, ಮುಕ್ತಾಯಕ್ಕೆ 51. ಆವರ್ತನದ 96 ಚಿತ್ರಗಳಲ್ಲಿ 46ನೆಯದರಿಂದ ಶುರುಮಾಡಿದರೆ ಮುಂದಿನ ಸಮಕ್ಕೆ ದೇಹ ಸರಿಯಾಗಿ ಭಂಗಿಗೆ ಬಂದು ನಿಲ್ಲುತ್ತದೆ.

ಹಾಳೆಯ ಲೆಕ್ಕ ತಪ್ಪದಿದ್ದರೂ ಬಿಸಿಲು ತಪ್ಪಿಸುತ್ತದೆ. ಮಲ್ಲೇಶ್ವರದ ಅಡ್ಡರಸ್ತೆಯೊಂದರಲ್ಲಿ ಮರದ ಕೆಳಗೆ ಚಿತ್ರಕ್ಕೆ ಅರ್ಧ ನಿಮಿಷದಂತೆ ತೆಗೆದರೂ ಒಂದು ಆವರ್ತನಕ್ಕೆ 48 ನಿಮಿಷ ಬೇಕು. ಅಷ್ಟರಲ್ಲಿ ಗೇಟಿನ ನೆರಳು ಜಗಲಿ ದಾಟಿರುತ್ತದೆ. ಪರದೆಯ ಮೇಲೆ ಅದೇ ನೆರಳು ಎಂಟು ಸೆಕೆಂಡಿನಲ್ಲಿ ಓಡುತ್ತದೆ. ಮೋಡ ಕವಿದ ದಿನವನ್ನೋ ಒಳಗಿನ ಕೋಣೆಯನ್ನೋ ಆರಿಸಿಕೊಳ್ಳುವುದು ಇದೇ ಕಾರಣಕ್ಕೆ. ಪಾದದ ಗುರುತನ್ನು ಸೀಮೆಸುಣ್ಣದಿಂದ ನೆಲದ ಮೇಲೆ, ಚೌಕಟ್ಟಿನ ಅಂಚಿನ ಹೊರಗೆ ಬರೆದಿಡುತ್ತಾರೆ. ಸೀರೆಯ ನೆರಿಗೆ, ಸೆರಗು ಪ್ರತಿ ಚಿತ್ರಕ್ಕೂ ಜಾಗ ಬದಲಿಸುವುದರಿಂದ ಪಿನ್ನು ಹಾಕಿ ಬಿಗಿಯುತ್ತಾರೆ. ಎಲ್ಲಕ್ಕಿಂತ ಕಷ್ಟದ್ದು ಅರೆಮಂಡಿ, ಮೊಣಕಾಲು ಬಾಗಿಸಿ ಅರ್ಧ ಕೂತ ಭಂಗಿ. ಭರತನಾಟ್ಯ ಕಲಿತವರಿಗೂ ಅದನ್ನು ಹತ್ತಾರು ನಿಮಿಷ ಹಿಡಿದಿಡಲಾಗುವುದಿಲ್ಲ. ಹಾಗಾಗಿ ಅಡವುಗಳ ನಡುನಡುವೆ ನೇರ ನಿಲ್ಲುವ ಭಂಗಿ ಬರುವಂತೆ ಹಾಳೆಯಲ್ಲೇ ಜಾಗ ಬಿಟ್ಟಿರಬೇಕು.

ಕೊನೆಯ ಭಂಗಿ ಹಾಡಿನ ಕೊನೆಯ ನಾದ ಅಡಗುವವರೆಗೆ ನಿಲ್ಲಬೇಕಾಗುತ್ತದೆ. ಒಂದೇ ಚಿತ್ರವನ್ನು ಎರಡು ಸೆಕೆಂಡ್ ಹಿಡಿದರೆ ಮನುಷ್ಯ ತಟ್ಟನೆ ಗೊಂಬೆಯಾಗಿಬಿಡುತ್ತಾನೆ. ಅದೇ ಭಂಗಿಯಲ್ಲಿ ಐದಾರು ಚಿತ್ರ ತೆಗೆದು, ಒಂದರ ಹಿಂದೊಂದು ತಿರುಗಿಸಿ ಜೋಡಿಸಿದರೆ ಉಸಿರಿನ ಸಣ್ಣ ಏರಿಳಿತ ಹೆಗಲ ಮೇಲೆ ಕಾಣುತ್ತಿರುತ್ತದೆ.