ಉತ್ತರಕಥೆಯೊಳಗಿನ ಮರುಕಥನ: ಎರಡು ಹ್ಯಾಲೋವೀನ್ ಚಿತ್ರಗಳ ಕಾದಂಬರಿಗಳನ್ನು ಕುರಿತು

ಸಿನಿಮಾ ಆಧರಿಸಿದ ಕಾದಂಬರಿಯೆಂದರೆ ಬರೀ ಪ್ರಚಾರದ ಸರಕು ಎಂಬ ಹಳೆಯ ತಾತ್ಸಾರಕ್ಕೆ ಇಂದು ಉತ್ತರ ಕೊಡಬೇಕಾಗಿಲ್ಲ. ಒಂದು ಕೃತಿಯ ಬೆನ್ನ ಮೇಲೆ ಇನ್ನೊಂದು ಬೆಳೆಯುವ ಬಗೆಗಳನ್ನು ಜೆರಾರ್ ಜೆನೆಟ್ 1982ರಲ್ಲೇ ವಿಂಗಡಿಸಿದ್ದಾರೆ. ತೆರೆಯಿಂದ ಪುಟಕ್ಕೆ ಇಳಿದ ಕಾದಂಬರಿಗಳಿಗೂ ತಮ್ಮದೇ ಚರಿತ್ರೆ ಉಂಟೆಂದು ಯಾನ್ ಬಾಟೆನ್ಸ್ ತೋರಿಸಿದ್ದಾರೆ. ಒಂದು ಕಥಾಲೋಕ ಹಲವು ಮಾಧ್ಯಮಗಳಿಗೆ ಹರಡುವ ಬಗೆಯನ್ನು ಹೆನ್ರಿ ಜೆಂಕಿನ್ಸ್ 2006ರಲ್ಲಿ ವಿವರಿಸಿದ್ದಾರೆ. ಇವನ್ನು ಒಪ್ಪಿಕೊಂಡೇ ಮುಂದೆ ಹೋಗಬಹುದು. ನನ್ನ ತಕರಾರಿರುವುದು ಅದೇ ವರ್ಷ ಬಂದ ಲಿಂಡಾ ಹಚನ್ ಅವರ ‘ಎ ಥಿಯರಿ ಆಫ್ ಅಡಾಪ್ಟೇಶನ್’ ಎಳೆದ ಒಂದು ಗೆರೆಯ ಬಗ್ಗೆ. ಕಥೆ ಮುಗಿಯಲೇಬಾರದೆಂಬ ಆಸೆ ಬೇರೆ, ಅದೇ ಕಥೆಯನ್ನು ಬೇರೆ ಬೇರೆ ಬಗೆಯಲ್ಲಿ ಮತ್ತೆ ಕೇಳಬೇಕೆಂಬ ಆಸೆ ಬೇರೆ ಎಂದು ಮಾರ್ಜರಿ ಗಾರ್ಬರ್ ಅವರ ಆಧಾರ ಹಿಡಿದು ಹಚನ್ ವಾದಿಸುತ್ತಾರೆ. ಮೊದಲ ಆಸೆಯಿಂದ ಹುಟ್ಟುವುದು ಉತ್ತರಕಥೆ, ಎರಡನೆಯದರಿಂದ ರೂಪಾಂತರ. ಗ್ರಂಥದ ಕೊನೆಯಲ್ಲಿ ಅವರು ಉತ್ತರಕಥೆಗಳಿಗೂ ಒಂದು ಅಂಚಿನ ಜಾಗ ಕೊಡುತ್ತಾರೆ ನಿಜ. ಆದರೆ ಅವು ರೂಪಾಂತರಗಳಲ್ಲ ಎಂಬ ತೀರ್ಪು ಸಡಿಲವಾಗುವುದಿಲ್ಲ.

ಈ ಗೆರೆಯನ್ನು ಪರೀಕ್ಷಿಸಲು ಎ. ಡಬ್ಲ್ಯೂ. ಜಾಂತಾ ಅವರ ‘ಹೋಕಸ್ ಪೋಕಸ್ ಅಂಡ್ ದಿ ಆಲ್-ನ್ಯೂ ಸೀಕ್ವೆಲ್’ (2018) ಹೇಳಿ ಮಾಡಿಸಿದಂತಿದೆ. ಹದಿಹರೆಯದ ಓದುಗರಿಗಾಗಿ ಡಿಸ್ನಿ ತಂದ ಈ ಪುಸ್ತಕದ ಮೊದಲ ಭಾಗ 1993ರ ‘ಹೋಕಸ್ ಪೋಕಸ್’ ಚಿತ್ರದ ಮರುಕಥನ. ಎರಡನೆಯ ಭಾಗ ಇಪ್ಪತ್ತೈದು ವರ್ಷಗಳ ನಂತರದ ಕಥೆ. ಕೆನ್ನಿ ಒರ್ಟೇಗಾ ನಿರ್ದೇಶಿಸಿದ ಆ ಚಿತ್ರ ಹ್ಯಾಲೋವೀನ್ ರಾತ್ರಿಯ ಕಥೆಯಾದರೂ ಅಮೆರಿಕದಲ್ಲಿ ಬಿಡುಗಡೆಯಾದದ್ದು ನಡುಬೇಸಿಗೆಯ ಜುಲೈಯಲ್ಲಿ (ವಿತರಕರ ಲೆಕ್ಕಾಚಾರ ಅವರಿಗೇ ಗೊತ್ತು). ಚಿತ್ರಮಂದಿರದಲ್ಲಿ ಸಪ್ಪೆಯಾಗಿ, ಆಮೇಲೆ ಪ್ರತಿ ಅಕ್ಟೋಬರ್‌ನಲ್ಲೂ ಟಿವಿಯಲ್ಲಿ ಮರುಪ್ರಸಾರವಾಗಿ ಅದು ಜನರ ಪ್ರೀತಿ ಗಳಿಸಿತು. ಹೀಗಾಗಿ 2018ರ ಓದುಗರಲ್ಲಿ ಹೆಚ್ಚಿನವರಿಗೆ ಚಿತ್ರ ಬಾಯಿಪಾಠ. ಆಗದವರಿಗೂ ಅದನ್ನು ನೋಡುವುದು ಕಷ್ಟವಿರಲಿಲ್ಲ. ವಿಡಿಯೊ ಇಲ್ಲದ ಕಾಲದಲ್ಲಿ ಚಿತ್ರದ ನೆನಪನ್ನು ಮನೆಗೆ ಕೊಂಡೊಯ್ಯಲು ಕಾದಂಬರಿ ಬೇಕಿತ್ತು. ಆ ಅಗತ್ಯ ತೀರಿದ ಮೇಲೂ ಪುಸ್ತಕದ ಇಡೀ ಒಂದು ಭಾಗವನ್ನು ಮರುಕಥನಕ್ಕೆ ಕೊಟ್ಟಿದ್ದೇಕೆ?

ನನ್ನ ಉತ್ತರವಿದು: ಇಲ್ಲಿ ಮೊದಲ ಭಾಗ ಎರಡನೆಯದಕ್ಕೆ ಪೀಠಿಕೆಯಲ್ಲ, ಎರಡನೆಯದರ ವಿಚಾರಣೆಗೆ ಒಳಗಾಗುವ ದಾಖಲೆ. ಚಿತ್ರದಲ್ಲಿ ಲಾಸ್ ಏಂಜಲೀಸ್‌ನಿಂದ ಸೇಲಂಗೆ ಬಂದ ಮ್ಯಾಕ್ಸ್ ಆ ಊರಿನ ಮಾಟಗಾತಿಯರ ಕಥೆಯನ್ನು ನಂಬುವುದಿಲ್ಲ. ತಂಗಿ ಡ್ಯಾನಿ ಬೇಡವೆಂದರೂ ಕಪ್ಪುಜ್ವಾಲೆಯ ಮೇಣದಬತ್ತಿ ಹಚ್ಚುತ್ತಾನೆ, ಮಾಟಗಾತಿಯರಾದ ಸ್ಯಾಂಡರ್ಸನ್ ಸೋದರಿಯರು ಎದ್ದು ಬರುತ್ತಾರೆ. ಅವನ ಉಡಾಫೆಗೆ ಹೊಸಬ ಎಂಬ ನೆಪವಿದೆ. ಉತ್ತರಕಥೆಯ ನಾಯಕಿ ಪಾಪಿ, ಮ್ಯಾಕ್ಸ್ ಮತ್ತು ಅವನ ಸಹಪಾಠಿ ಆಲಿಸನ್‌ರ ಹದಿನೇಳರ ಮಗಳು. ಅವಳಿಗೆ ಆ ನೆಪವಿಲ್ಲ: ಸ್ಯಾಂಡರ್ಸನ್ನರ ಕಥೆಯನ್ನು ನಂಬಿದರೂ ಬಿಟ್ಟರೂ ಅದು ಹೆತ್ತವರ ಮಾತನ್ನು ನಂಬುವ ಅಥವಾ ಬಿಡುವ ಪ್ರಶ್ನೆ. ಊರಿನ ದಂತಕಥೆ ಮನೆಯ ವಿಷಯವಾಗಿ ಬದಲಾಗುತ್ತದೆ. ತರಗತಿಯಲ್ಲಿ ಮ್ಯಾಕ್ಸ್ ಕೊಟ್ಟ ಫೋನ್ ನಂಬರಿನ ಚೀಟಿಯನ್ನು ಆಲಿಸನ್ ಅವನಿಗೇ ಹಿಂತಿರುಗಿಸುವ ದೃಶ್ಯ ಚಿತ್ರದಲ್ಲಿ ಬರೀ ನಗೆಯ ಪ್ರಸಂಗ. ಇಸಬೆಲ್ಲಾ ಎಂಬ ಗೆಳತಿಯ ಮೇಲೆ ಮನಸ್ಸಿಟ್ಟ ಪಾಪಿಯ ಅಳುಕನ್ನು ಓದಿದ ಮೇಲೆ, ಎಲ್ಲರೆದುರು ನಂಬರು ಕೊಡುವ ಆ ಹುಡುಗನ ಧೈರ್ಯ ಎಷ್ಟು ಸಲೀಸಾದದ್ದು ಎಂದೂ ಕಾಣುತ್ತದೆ. ಇದು ಮುಂದೇನಾಯಿತು ಎಂಬುದಕ್ಕೆ ಸಿಕ್ಕ ಉತ್ತರವಲ್ಲ, ಆಗ ನಡೆದದ್ದೇನು ಎಂಬುದರ ಇನ್ನೊಂದು ಓದು.

ವಾದವನ್ನು ಗಟ್ಟಿಗೊಳಿಸುವ ಸಾಕ್ಷ್ಯ ಆಮೇಲೆ, ಅನಿರೀಕ್ಷಿತವಾಗಿ ಒದಗಿತು. 2022ರಲ್ಲಿ ಆನ್ ಫ್ಲೆಚರ್ ನಿರ್ದೇಶನದ ‘ಹೋಕಸ್ ಪೋಕಸ್ 2’ ಬಂದಾಗ ಅದರಲ್ಲಿ ಪಾಪಿ ಇರಲಿಲ್ಲ, ಮ್ಯಾಕ್ಸ್ ಆಲಿಸನ್ ಇಬ್ಬರೂ ಇರಲಿಲ್ಲ. ಬೆಕ್ಕಾ, ಇಝಿ, ಕ್ಯಾಸಿ ಎಂಬ ಬೇರೆ ಹುಡುಗಿಯರಿದ್ದರು. ಹಕ್ಕುದಾರರೇ ಕಾದಂಬರಿಯ ಘಟನೆಗಳನ್ನು ಪಕ್ಕಕ್ಕಿಟ್ಟರು. ಕಾದಂಬರಿ ಬರೀ ಉತ್ತರಕಥೆಯಾಗಿದ್ದರೆ ಅಲ್ಲಿಗೆ ಅದರ ಬೆಲೆ ಮುಗಿಯಬೇಕಿತ್ತು: ಮುಂದೆ ನಡೆದದ್ದು ಇದೇ ಎನ್ನುವವರಿಗೆ ಅಧಿಕಾರ ಬೇಕು, ಅದು ಹೋದರೆ ಮಾತು ಬಿದ್ದುಹೋಗುತ್ತದೆ. ಹಿಂದೆ ನಡೆದದ್ದನ್ನು ಹೀಗೂ ನೋಡಬಹುದು ಎನ್ನುವವರಿಗೆ ಅಂಥ ಮುದ್ರೆ ಬೇಕಿಲ್ಲ. ಪಾಪಿಯ ಕಥೆಯಲ್ಲಿ 2022ರ ನಂತರವೂ ಉಳಿದ ಭಾಗ ಯಾವುದೋ ಅದೇ ಅದರ ಮರುಕಥನದ ಭಾಗ.

ಶೇ ಅರ್ನ್‌ಷಾ ಅವರ ‘ಲಾಂಗ್ ಲಿವ್ ದಿ ಪಂಪ್ಕಿನ್ ಕ್ವೀನ್’ (2022) ಇದಕ್ಕಿಂತ ಕಠಿಣವಾದ ಪರೀಕ್ಷೆ, ಏಕೆಂದರೆ ಅದರಲ್ಲಿ ಪ್ರತ್ಯೇಕ ಮರುಕಥನವೇ ಇಲ್ಲ. ಟಿಮ್ ಬರ್ಟನ್ನರ ಕಲ್ಪನೆಯನ್ನು ಹೆನ್ರಿ ಸೆಲಿಕ್ ತೆರೆಗೆ ತಂದ ‘ದಿ ನೈಟ್‌ಮೇರ್ ಬಿಫೋರ್ ಕ್ರಿಸ್‌ಮಸ್’ (1993) ಮುಗಿದು, ಅದರ ನಾಯಕ ಜ್ಯಾಕ್‌ನೊಂದಿಗೆ ಮದುವೆಯೂ ಆದ ಮೇಲೆ ಹೊಲಿದ ಗೊಂಬೆಯಾದ ಸ್ಯಾಲಿ ತಾನೇ ಹೇಳುವ ಕಥೆ ಇದು. ಡ್ರೀಮ್ ಟೌನ್ ಎಂಬ ಹೊಸ ಊರು ಕಂಡಾಗ, ತಾನು ಹುಟ್ಟಿದ್ದು ಅಲ್ಲಿ, ಡಾ. ಫಿಂಕೆಲ್‌ಸ್ಟೈನ್ ತನ್ನನ್ನು ಮಾಡಿದವನಲ್ಲ, ಅಲ್ಲಿಂದ ಕದ್ದು ತಂದವನು ಎಂದು ಅವಳಿಗೆ ತಿಳಿಯುತ್ತದೆ. ಚಿತ್ರವನ್ನು ಪ್ರೀತಿಸಿದವರಿಗೆ ಇದು ಮೂಲಕ್ಕೆ ಬಗೆದ ದ್ರೋಹವೆನಿಸಬಹುದು. ಆದರೆ ಚಿತ್ರವನ್ನು ಹತ್ತಿರದಿಂದ ನೋಡಬೇಕು. ಸ್ಯಾಲಿಯನ್ನು ಮಾಡುವ ದೃಶ್ಯ ಅದರಲ್ಲಿ ಎಲ್ಲೂ ಇಲ್ಲ. ತನ್ನ ಕೈಯಾರೆ ಮಾಡಿದೆ ಎಂಬುದು ಡಾಕ್ಟರನ ಬಾಯಿಮಾತು, ಅದೂ ಅವಳ ಮೇಲೆ ಹಕ್ಕು ಚಲಾಯಿಸುವಾಗ. ಕೊನೆಗೆ ತನ್ನದೇ ಮಿದುಳಿನ ಅರ್ಧವನ್ನಿಟ್ಟು ಅವನು ಇನ್ನೊಬ್ಬ ಸಂಗಾತಿಯನ್ನು ಮಾಡುವುದನ್ನಾದರೋ ನಾವು ಕಣ್ಣಾರೆ ನೋಡುತ್ತೇವೆ. ಎಂದರೆ ಅರ್ನ್‌ಷಾ ತಿದ್ದಿದ್ದು ತೆರೆಯ ಮೇಲಿನ ಯಾವ ದೃಶ್ಯವನ್ನೂ ಅಲ್ಲ, ಒಂದು ಪಾತ್ರದ ಹೇಳಿಕೆಯನ್ನು. ಈ ತಿದ್ದುಪಡಿಯನ್ನು ಒಪ್ಪಿದರೆ ಚಿತ್ರದ ಹಲವು ಪ್ರಸಂಗಗಳ ತೂಕ ಬದಲಾಗುತ್ತದೆ. ಡಾಕ್ಟರನ ಹಿಡಿತದಲ್ಲಿದ್ದ ತೋಳಿನ ಹೊಲಿಗೆ ಬಿಚ್ಚಿ ತೋಳನ್ನೇ ಬಿಟ್ಟು ಓಡುವುದು; ವಿಷ ಬೆರೆಸಿದ ಸೂಪನ್ನು ನೀನೇ ಮೊದಲು ರುಚಿ ನೋಡು ಎಂದಾಗ ಚಮಚ ಬೀಳಿಸಿ, ಕಾಲುಚೀಲದಲ್ಲಿ ಅಡಗಿಸಿಟ್ಟ ತೂತಿನ ಚಮಚದಿಂದ ಕುಡಿದಂತೆ ನಟಿಸುವುದು: ಇವು ಒಡೆಯನಿಗೆ ತಿರುಗಿಬಿದ್ದ ಗೊಂಬೆಯ ಕಿಲಾಡಿತನವಾಗಿ ಉಳಿಯದೆ, ಅಪಹೃತಳಾದವಳ ಬಿಡುಗಡೆಯ ಪ್ರಯತ್ನಗಳಾಗುತ್ತವೆ. ಹಾಗೆಂದು ಚಿತ್ರ ಮಾಡಿದವರ ಮನಸ್ಸಿನಲ್ಲಿ ಈ ಅರ್ಥವಿತ್ತೆಂದು ನಾನು ಹೇಳುತ್ತಿಲ್ಲ. ಡಾಕ್ಟರ್ ಸುಳ್ಳಾಡುತ್ತಿದ್ದಾನೆ ಎಂಬ ಸೂಚನೆ ಚಿತ್ರದಲ್ಲಿಲ್ಲ. ಹೊಸ ಓದು ಹೆಚ್ಚು ಸಿರಿವಂತವೆಂದೂ ಅಲ್ಲ. ತವರಿಲ್ಲದ, ಬೇರೊಬ್ಬರು ಹೊಲಿದ ಮೈಯನ್ನು ತಾನೇ ಬಿಚ್ಚಿ ಹೊಲಿದುಕೊಂಡು ತನ್ನವಳಾಗುವ ಸ್ಯಾಲಿಯೇ ನನ್ನ ದೃಷ್ಟಿಯಲ್ಲಿ ದಿಟ್ಟ ಕಲ್ಪನೆ. ಅವಳಿಗೆ ಹುಟ್ಟೂರು, ಹೆತ್ತವರನ್ನು ಕೊಟ್ಟ ಕಾದಂಬರಿ ಕಳೆದುಹೋದ ರಾಜಕುಮಾರಿಯ ಹಳೆಯ ಕಥೆಗೆ ಮರಳುತ್ತದೆ. ಆದರೆ ಮರುಕಥನ ಬಡವಾಗಿದೆ ಎನ್ನಬೇಕಾದರೂ ಅದು ಮರುಕಥನವೆಂದು ಮೊದಲು ಒಪ್ಪಬೇಕಾಗುತ್ತದೆ.

ಪ್ರತಿ ಉತ್ತರಕಥೆಯೂ ಹಿಂದಿನದನ್ನು ಸ್ವಲ್ಪ ತಿದ್ದುತ್ತದೆ, ಅಷ್ಟಕ್ಕೇ ಅದನ್ನು ಮರುಕಥನವೆಂದರೆ ಆ ಪರಿಕಲ್ಪನೆಗೆ ಅರ್ಥವೇ ಉಳಿಯದು ಎಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪ ನ್ಯಾಯವಾದದ್ದು. ಮುಂದಿನ ಕಥೆಯ ಅನುಕೂಲಕ್ಕಾಗಿ ಹಿಂದಿನ ಒಂದು ಸಂಗತಿಯನ್ನು ಬದಲಿಸುವುದು ಧಾರಾವಾಹಿಗಳಲ್ಲಿ ದಿನನಿತ್ಯದ ಮಾತು; ಅಂಥ ತಿದ್ದುಪಡಿ ಹಳೆಯ ದೃಶ್ಯಗಳನ್ನು ಮತ್ತೆ ನೋಡುವಂತೆ ಒತ್ತಾಯಿಸುವುದಿಲ್ಲ. ಸ್ಯಾಲಿಯ ಹುಟ್ಟಿನ ತಿದ್ದುಪಡಿ ಹಾಗಲ್ಲ, ಅದರ ಪರಿಣಾಮ ಬಹುಪಾಲು ಹಿಂಬದಿಗೇ. ಎ. ಕೆ. ರಾಮಾನುಜನ್ ರಾಮಾಯಣಗಳ ಬಗ್ಗೆ ಹೇಳಿದಂತೆ ಮೂಲವೆಂಬುದೇ ಇಲ್ಲ, ಇರುವುದೆಲ್ಲ ಹೇಳಿಕೆಗಳೇ ಎಂದು ಇಡೀ ಸಮಸ್ಯೆಯನ್ನು ದಾಟಿಬಿಡುವ ದಾರಿಯೂ ಇದೆ. ಕನ್ನಡದ ಓದುಗರಿಗೆ ಅದು ಆಪ್ತವಾದ ದಾರಿ. ಆದರೆ ಈ ಸಂದರ್ಭಕ್ಕೆ ಒಗ್ಗುವುದಿಲ್ಲ. ಇಲ್ಲಿ ಮೂಲಕ್ಕೆ ತಾರೀಖಿದೆ, ಒಡೆತನವಿದೆ, ತೆರೆಯ ಮೇಲಿನ ಮುಖಗಳಿವೆ. ಆ ಮೂಲ ಎಂದಿಗೂ ಬದಲಾಗದು ಎಂಬ ಭರವಸೆಯ ಮೇಲೆಯೇ ಈ ಕಾದಂಬರಿಗಳು ಅದರ ಅರ್ಥವನ್ನು ಅಲುಗಾಡಿಸುತ್ತವೆ.

ಇಷ್ಟಾದರೂ ಹಚನ್ ಅವರ ಗೆರೆಯನ್ನು ಅಳಿಸಿಹಾಕುವಷ್ಟು ಆಧಾರ ಎರಡು ಕಾದಂಬರಿಗಳಿಂದ ಸಿಗದು. ಎರಡೂ ಒಂದೇ ಸಂಸ್ಥೆಯವು, ಎರಡರ ಮೂಲಚಿತ್ರಗಳೂ ಒಂದೇ ವರ್ಷದವು, ಎರಡೂ ಹದಿಹರೆಯದ ಓದುಗರನ್ನು ಉದ್ದೇಶಿಸಿದವು. ಹಿಂದಿನವರು ಹೇಳಿದ್ದನ್ನು ಪ್ರಶ್ನಿಸುವ ಪ್ರವೃತ್ತಿ ಆ ವಯಸ್ಸಿನ ಕಾದಂಬರಿಯ ಸಹಜ ಗುಣವಾಗಿರಬಹುದು, ಉತ್ತರಕಥೆಯ ಗುಣವಲ್ಲದೆಯೂ ಇರಬಹುದು. ಇವೆರಡನ್ನು ಬೇರ್ಪಡಿಸಲು ದೊಡ್ಡವರಿಗಾಗಿ ಬರೆದ ಇಂಥ ಕಾದಂಬರಿಗಳನ್ನು ಪಕ್ಕಕ್ಕಿಟ್ಟು ನೋಡಬೇಕು. ಮಾರಿ ಮನ್ಕೂಸಿ ಅವರ ‘ಸ್ಯಾಲೀಸ್ ಲೆಮೆಂಟ್’ (2024) ಇನ್ನೊಂದು ತೊಡಕು ತರುತ್ತದೆ. ಹೀಗಾಗಿದ್ದರೆ ಏನಾಗುತ್ತಿತ್ತು ಎಂದು ಕೇಳುವ ‘ಟ್ವಿಸ್ಟೆಡ್ ಟೇಲ್’ ಮಾಲೆಗೆ ಸೇರಿದ ಆ ಕಾದಂಬರಿ, ಸ್ಯಾಲಿಯ ಅದೇ ಚಿತ್ರ ಮುಗಿದಲ್ಲಿಂದ ಹೊರಡದೆ ಅದರ ಒಳಗಿನಿಂದಲೇ ಕವಲೊಡೆಯುತ್ತದೆ. ಅದನ್ನು ಹಚನ್ ಅವರ ಗೆರೆಯ ಯಾವ ಬದಿಗೆ ಸೇರಿಸಬೇಕು ಎಂಬುದಕ್ಕೆ ಇಲ್ಲಿ ಮಂಡಿಸಿದ ವಾದದಲ್ಲೂ ಸಿದ್ಧ ಉತ್ತರವಿಲ್ಲ.